ಕೆಸುವಿನ ಎಲೆ ಹೊತ್ತವನು

ಹೋದ ವರ್ಷ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಅಮ್ಮನ ಮನೆಗೆ ಹೋಗಿದ್ದೆವು. ಐದು ದಿನ ಮಳೆ ಒಂದೇ ಸಮ ಹೊಯ್ಯಿತು. ಅಂಗಳದಲ್ಲಿ ಪಾಚಿ, ತೋಟಕ್ಕೆ ಇಳಿದರೆ ಉಂಬಳ. ಆರು ವರ್ಷದ ಮಗಳು ಎಷ್ಟು ಹೊತ್ತು ಅಂತ ಜಗಲಿಯಲ್ಲಿ ಕೂತಿರುತ್ತಾಳೆ? ಮೂರನೇ ದಿನ ಮಧ್ಯಾಹ್ನ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಬೆಂಗಳೂರಿನಿಂದ ಹೊರಡುವಾಗಲೇ ಒಂದು ಸಿನಿಮಾ ಇಳಿಸಿಟ್ಟುಕೊಂಡಿದ್ದೆ. ಅಮ್ಮ ಹಲಸಿನ ಹಪ್ಪಳ ಕರಿದು ತಂದು ನಮ್ಮ ಪಕ್ಕದಲ್ಲೇ ಚಾಪೆ ಮೇಲೆ ಕೂತಳು.

ಸಿನಿಮಾ ಜಪಾನಿನದು. ಹಯಾವೊ ಮಿಯಾಜಾಕಿ 1988ರಲ್ಲಿ ಮಾಡಿದ ‘ಮೈ ನೇಬರ್ ಟೊಟೊರೊ’. ಮಾತು ಜಪಾನಿ, ಕೆಳಗೆ ಬರುವ ಸಾಲು ಇಂಗ್ಲಿಷ್. ಅಮ್ಮನಿಗೆ ಎರಡೂ ಬಾರದು. ಮಗಳಿಗೆ ಇಂಗ್ಲಿಷ್ ಓದೋಕೆ ಬರುತ್ತದೆ, ಆದರೆ ಅವಳು ಓದಿ ಮುಗಿಸುವುದರೊಳಗೆ ಸಾಲು ಮಾಯ. ಹಾಗಾಗಿ ನಾನು ಇಬ್ಬರ ನಡುವೆ ಕೂತು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. 86 ನಿಮಿಷದ ಸಿನಿಮಾ ನಮಗೆ ಎರಡೂವರೆ ಗಂಟೆ ಹಿಡಿಯಿತು.

ಆಮೇಲೆ ಈ ಒಂದು ವರ್ಷದಲ್ಲಿ ನಾವು ಮೂವರೂ ಸೇರಿ ಇನ್ನೂ ಕೆಲವು ಸಿನಿಮಾ ನೋಡಿದೆವು. ಎಲ್ಲದಕ್ಕೂ ಬಾಯಿಮಾತಿನ ಅನುವಾದ ನನ್ನದೇ. ಅದರಿಂದ ನನಗೆ ಗೊತ್ತಾದ ಸಂಗತಿ ಒಂದಿದೆ. ನಾನು ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತು ಯಾವುದರಲ್ಲಿ ಜಾಸ್ತಿಯೋ, ಆ ಸಿನಿಮಾವೇ ಮಗಳೊಳಗೆ ಉಳಿಯಿತು.

ಟೊಟೊರೊ ಕಥೆ ಸರಳ. 1950ರ ದಶಕ. ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಟೋಕಿಯೊ ಹತ್ತಿರದ ಹಳ್ಳಿಯ ಹಳೇ ಮನೆಗೆ ಬರುತ್ತಾನೆ. ಅಕ್ಕ ಸತ್ಸುಕಿ ಶಾಲೆಗೆ ಹೋಗುವವಳು. ತಂಗಿ ಮೇಗೆ ನಾಲ್ಕು ವರ್ಷ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಮನೆ ಪಕ್ಕದಲ್ಲಿ ಭಾರೀ ಕರ್ಪೂರದ ಮರ. ಆ ಮರದ ಬುಡದಲ್ಲಿ ಬೂದುಬಣ್ಣದ, ಹೊಟ್ಟೆ ದಪ್ಪಗಿರುವ, ಮಾತೇ ಆಡದ ಒಂದು ಜೀವ ಮಲಗಿರುತ್ತದೆ. ಕೆಟ್ಟವರು ಅಂತ ಇಡೀ ಸಿನಿಮಾದಲ್ಲಿ ಒಬ್ಬರೂ ಇಲ್ಲ.

ಶುರುವಿನಲ್ಲೇ ನಾನು ಸಿಕ್ಕಿಬಿದ್ದೆ. ಮಕ್ಕಳು ಹೊಸ ಮನೆಯ ಬಾಗಿಲು ತೆರೆದ ಕೂಡಲೇ ಕತ್ತಲೆಯಲ್ಲಿದ್ದ ಕಪ್ಪು ಉಂಡೆಯಂಥ ಪುಟಾಣಿ ಜೀವಗಳು ಗೋಡೆ ಬಿರುಕಿಗೆ ಓಡಿಹೋಗುತ್ತವೆ. ಇಂಗ್ಲಿಷ್ ಸಾಲಿನಲ್ಲಿ ಮಸಿ ಅಂತ ಇತ್ತು. ‘ಮಸಿಯ... ಮಸಿಯಿಂದ ಆದ...’ ಅಂತ ತಡವರಿಸುತ್ತಿದ್ದೆ. ಅಮ್ಮ ಹಪ್ಪಳ ಮುರಿಯುತ್ತಾ, “ಇಲ್ಲಣದ ಮರಿ ಕಣೇ ಅದು” ಅಂದಳು.

ಮಗಳು ಇಲ್ಲಣ ಅಂದರೇನು ಅಂತ ಕೇಳಿದಳು. ಬೆಂಗಳೂರಿನ ಅಡುಗೆಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಸಿನಿಮಾ ನಿಲ್ಲಿಸಿ ಅಮ್ಮ ಅವಳನ್ನು ಬಚ್ಚಲುಮನೆಗೆ ಕರೆದುಕೊಂಡು ಹೋದಳು. ಹಂಡೆ ಒಲೆಯ ಹೊಗೆ ಹತ್ತಿ ಕಪ್ಪಾದ ಜೇಡರ ಬಲೆಗಳು ಮಾಡಿನಿಂದ ಜೋತಾಡುತ್ತಿದ್ದವು. ಮಗಳು ಕುತ್ತಿಗೆ ಮೇಲೆತ್ತಿ ತುಂಬಾ ಹೊತ್ತು ನೋಡಿದಳು. “ಇವು ರಾತ್ರಿ ಓಡಾಡ್ತಾವಾ ಅಜ್ಜಿ?” “ಒಲೆ ಆರಿದ ಮೇಲೆ ಇರಬಹುದು ಮಾರಾಯ್ತಿ, ನಾನು ನಿದ್ದೆ ಮಾಡಿರ್ತೀನಲ್ಲ.” ವಾಪಸ್ ಬಂದು ಕೂತಾಗ ಜಪಾನಿನ ಆ ಮನೆ ಅವಳಿಗೆ ಅಜ್ಜಿ ಮನೆಯ ಹಿಂದಿನ ಓಣಿಯಷ್ಟು ಹತ್ತಿರವಾಗಿತ್ತು.

ಇನ್ನು ಬಸ್ ಸ್ಟಾಪಿನ ದೃಶ್ಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಪ್ಪ ಕೊಡೆ ಬಿಟ್ಟು ಹೋಗಿದ್ದಾನೆ. ಸಂಜೆ ಮಳೆ. ಅಕ್ಕ ತಂಗಿ ಇಬ್ಬರೂ ಅಪ್ಪನಿಗೆ ಕೊಡೆ ಹಿಡಿದುಕೊಂಡು ಬಸ್ ಕಾಯುತ್ತಾರೆ. ಬಸ್ ಬರುತ್ತದೆ, ಅಪ್ಪ ಇಳಿಯುವುದಿಲ್ಲ. ಕತ್ತಲಾಗುತ್ತದೆ. ಮೇಗೆ ನಿದ್ದೆ ತೂಗುತ್ತದೆ, ಅಕ್ಕ ಅವಳನ್ನು ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ಹೀಗೇ ಸುಮ್ನೆ ನಿಂತಿರುವಾಗ ಪಕ್ಕದಲ್ಲಿ ಯಾರೋ ಬಂದು ನಿಂತ ಸದ್ದು. ಕೊಡೆಯ ಅಂಚಿನ ಕೆಳಗಿಂದ ಮೊದಲು ಕಾಣುವುದು ಉಗುರಿರುವ ದೊಡ್ಡ ಪಾದ. ಟೊಟೊರೊ ತಲೆ ಮೇಲೆ ಒಂದು ಎಲೆ ಇಟ್ಟುಕೊಂಡು ಅವನೂ ಬಸ್ ಕಾಯುತ್ತಿದ್ದಾನೆ! ಸತ್ಸುಕಿ ಅಪ್ಪನ ಕೊಡೆಯನ್ನು ಅವನಿಗೆ ಕೊಡುತ್ತಾಳೆ. ಕೊಡೆ ಅಂದರೇನು ಅಂತಲೇ ಅವನಿಗೆ ಗೊತ್ತಿಲ್ಲ. ಮರದಿಂದ ಒಂದು ಹನಿ ಅದರ ಮೇಲೆ ಬಿದ್ದು ಟಪ್ ಅನ್ನುತ್ತದೆ. ಅವನ ಕಣ್ಣು ಅರಳುತ್ತವೆ. ಇನ್ನೊಂದು ಹನಿ. ಆ ಸದ್ದು ಎಷ್ಟು ಹಿಡಿಸುತ್ತದೆ ಅಂದರೆ ಅವನು ಧಡ್ ಅಂತ ನೆಲಕ್ಕೆ ಹಾರುತ್ತಾನೆ, ಮೇಲಿನ ಮರಗಳ ನೀರೆಲ್ಲ ಒಮ್ಮೆಲೇ ಕೊಡೆ ಮೇಲೆ ಸುರಿಯುತ್ತದೆ.

ಇಲ್ಲಿ ನನಗೆ ಅನುವಾದ ಮಾಡೋಕೆ ಏನೂ ಇರಲಿಲ್ಲ. ಅಭ್ಯಾಸಬಲ ನೋಡಿ, “ಅವನಿಗೆ ಆ ಸದ್ದು ಇಷ್ಟ ಆಯ್ತು ಪುಟ್ಟಿ, ಅದಕ್ಕೇ...” ಅಂತ ಶುರು ಮಾಡಿದೆ. ಮಗಳು ಪರದೆಯಿಂದ ಕಣ್ಣು ತೆಗೆಯದೆ ನನ್ನ ಬಾಯಿ ಮೇಲೆ ಕೈ ಇಟ್ಟಳು. ಹಪ್ಪಳದ ಎಣ್ಣೆ ಅಂಟಿದ ಪುಟ್ಟ ಕೈ. ಹೆಂಚಿನ ಮೇಲಿನ ನಮ್ಮ ಮಳೆ ಯಾವುದು, ಸಿನಿಮಾದ ಮಳೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಮೂವರೂ ಸುಮ್ಮನಿದ್ದೆವು. ದೃಶ್ಯ ಮುಗಿದ ಮೇಲೆ ಅಮ್ಮ ಮೆಲ್ಲಗೆ ಅಂದಳು: “ಕೆಸುವಿನ ಎಲೆ ಇದ್ದ ಹಾಗಿದೆ. ನಾವೂ ಶಾಲೆಗೆ ಹೋಗ್ವಾಗ ಹಾಗೇ ತಲೆ ಮೇಲೆ ಹಿಡ್ಕಂಡು ಹೋಗ್ತಿದ್ವಿ.”

ಮಿಯಾಜಾಕಿ ಒಂದು ಸಂದರ್ಶನದಲ್ಲಿ ಚಪ್ಪಾಳೆ ತಟ್ಟಿ ತೋರಿಸಿ, ಎರಡು ಚಪ್ಪಾಳೆಗಳ ನಡುವಿನ ಖಾಲಿ ಹೊತ್ತಿಗೆ ಜಪಾನಿಯಲ್ಲಿ ‘ಮಾ’ ಅನ್ನುತ್ತಾರೆ ಅಂತ ಹೇಳಿದ್ದರು. ತಾಳ ಹಾಕಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆಟ್ಟು ಎಷ್ಟು ಮುಖ್ಯವೋ ಬಿಡುವೂ ಅಷ್ಟೇ ಮುಖ್ಯ. ಇವತ್ತು ಮಕ್ಕಳಿಗೆ ಅಂತ ಬರುವ ಬಹುಪಾಲು ಸಿನಿಮಾಗಳಲ್ಲಿ ಈ ಬಿಡುವೇ ಇಲ್ಲ. ಹತ್ತು ನಿಮಿಷಕ್ಕೊಂದು ಹಾಡು, ಹಾಡಿನ ಬೆನ್ನಿಗೆ ಓಟ, ಓಟದ ಬೆನ್ನಿಗೆ ಒದೆತ. ನಡುವೆ ದೊಡ್ಡವರಿಗಾಗಿ ಒಂದೆರಡು ಜೋಕು. ಮಗುವಿಗೆ ಒಂದು ಕ್ಷಣ ಬೇಜಾರಾದರೂ ಎದ್ದುಹೋಗುತ್ತದೆ ಅಂತ ಮಾಡುವವರಿಗೆ ಹೆದರಿಕೆ. ನನಗೆ ಅದು ಮಕ್ಕಳ ಮೇಲಿನ ಅಪನಂಬಿಕೆಯಂತೆ ಕಾಣುತ್ತದೆ. ಇರುವೆ ಸಾಲನ್ನು ಅರ್ಧ ಗಂಟೆ ಕೂತು ನೋಡುವವರು ಮಕ್ಕಳೇ ಅಲ್ವಾ?

ಆಲ್ಬರ್ಟ್ ಲಮೊರಿಸ್ ಅವರ ‘ದಿ ರೆಡ್ ಬಲೂನ್’ ನೋಡಿದಾಗ ನನಗೆ ಹೆಚ್ಚು ಕಡಿಮೆ ಕೆಲಸವೇ ಇರಲಿಲ್ಲ. 1956ರ ಫ್ರಾನ್ಸಿನ ಸಿನಿಮಾ, ಬರೀ 34 ನಿಮಿಷ. ಪ್ಯಾರಿಸ್ಸಿನ ಬೂದುಬಣ್ಣದ ಬೀದಿಗಳು, ಒಬ್ಬ ಹುಡುಗ, ಅವನ ಹಿಂದೆ ನಾಯಿಮರಿಯ ಹಾಗೆ ಬರುವ ಒಂದು ಕೆಂಪು ಬಲೂನು. ಹುಡುಗನ ಪಾತ್ರ ಮಾಡಿದ್ದು ನಿರ್ದೇಶಕರ ಮಗನೇ. ಮಾತು ಬೆರಳೆಣಿಕೆಯಷ್ಟು. ಆದರೂ ಆ ವರ್ಷ ಆಸ್ಕರ್‌ನಲ್ಲಿ ಅದಕ್ಕೆ ಬಂದದ್ದು ಮೂಲ ಚಿತ್ರಕಥೆಯ ಪ್ರಶಸ್ತಿ. ಮಾತಿಲ್ಲದ ಸಿನಿಮಾಕ್ಕೆ ಬರವಣಿಗೆಯ ಬಹುಮಾನ! ಪುಂಡ ಹುಡುಗರು ಕವಣೆ ಬೀಸಿ ಬಲೂನನ್ನು ಸಾಯಿಸುತ್ತಾರೆ. ಸಾಯಿಸುತ್ತಾರೆ ಅಂತಲೇ ಬರೆಯಬೇಕು. ಅದು ಒಮ್ಮೆಲೇ ಒಡೆಯುವುದಿಲ್ಲ, ಮೆಲ್ಲಗೆ ಸುಕ್ಕುಗಟ್ಟುತ್ತಾ ಕುಗ್ಗುತ್ತದೆ. ಮಗಳು ನನ್ನ ಮಡಿಲಿಗೆ ಮುಖ ಒತ್ತಿದಳು. ‘ಏನಾಗಲ್ಲ’ ಅನ್ನಬೇಕು ಅನ್ನಿಸಿದರೂ ತಡೆದುಕೊಂಡೆ. ಆಮೇಲೆ ಊರಿನ ಬಲೂನುಗಳೆಲ್ಲ ಹಾರಿ ಬಂದು ಹುಡುಗನನ್ನು ಎತ್ತಿಕೊಂಡು ಹೋಗುವುದನ್ನು ಅವಳು ತಾನೇ ತಲೆ ಎತ್ತಿ ನೋಡಿದಳು.

ಟೊಟೊರೊದಲ್ಲಿ ನನಗೆ ತೀರಾ ಇಷ್ಟವಾದ ಪಾತ್ರ ಅಪ್ಪನದು. ಮೇ ಟೊಟೊರೊನನ್ನು ನೋಡಿ ಬಂದು ಹೇಳುತ್ತಾಳೆ. ಆ ಜಾಗ ಮತ್ತೆ ಸಿಗುವುದಿಲ್ಲ. ಅಕ್ಕ ನಗುತ್ತಾಳೆ. ಸುಳ್ಳಲ್ಲ ಅಂತ ಮೇ ಅಳುವ ಹಂತಕ್ಕೆ ಬರುತ್ತಾಳೆ. ಆಗ ಅಪ್ಪ, ನೀನು ಸುಳ್ಳು ಹೇಳ್ತಿದ್ದೀಯ ಅಂತ ನಾವು ಅಂದುಕೊಂಡಿಲ್ಲ, ನಿನಗೆ ಸಿಕ್ಕಿದ್ದು ಈ ಕಾಡಿನ ಯಜಮಾನ ಇರಬೇಕು, ನಿನ್ನ ಅದೃಷ್ಟ, ಆದರೆ ಯಾವಾಗ್ಲೂ ಸಿಗೋದಿಲ್ಲ ಅನ್ನುತ್ತಾನೆ. ಆಮೇಲೆ ಮೂವರೂ ಹೋಗಿ ಆ ದೊಡ್ಡ ಮರದ ಮುಂದೆ ಬಾಗಿ ನಮಸ್ಕಾರ ಮಾಡುತ್ತಾರೆ. ಅಮ್ಮನೂ ಕೂತಲ್ಲೇ ಕೈ ಮುಗಿದಳು. “ನಮ್ಮ ಚೌಡಿ ಬನ ಇದ್ದ ಹಾಗೇ ಇದೆ” ಅಂದಳು. ಚೌಡಿ ಬನ ಅಂದರೆ ಊರಿನ ದೇವರ ಕಾಡು.

ಈ ಕಥೆಗೆ ಪ್ರೇರಣೆಯಾದ ಸಯಾಮಾ ಗುಡ್ಡಗಳ ಕಾಡು ಟೋಕಿಯೊ ಹತ್ತಿರ ನಿಜವಾಗಿಯೂ ಇದೆ. ಮನೆ, ರಸ್ತೆ ಅಂತ ಅದು ಕರಗುತ್ತಿದ್ದಾಗ ಜನ ದುಡ್ಡು ಕೂಡಿಸಿ 1991ರಿಂದ ತುಂಡು ತುಂಡಾಗಿ ಕಾಡು ಕೊಂಡು ಉಳಿಸುತ್ತಾ ಬಂದಿದ್ದಾರೆ. ಆ ತುಂಡುಗಳಿಗೆ ಟೊಟೊರೊನ ಕಾಡು ಅಂತಲೇ ಹೆಸರು. ಇದನ್ನು ಹೇಳಿದಾಗ ಅಮ್ಮನಿಗೆ ಏನೂ ಆಶ್ಚರ್ಯ ಆಗಲಿಲ್ಲ. ಚೌಡಿ ಬನದಿಂದ ಒಂದು ಕಡ್ಡಿ ಮುರಿಯೋಕೂ ನಮ್ಮೂರಲ್ಲಿ ಈಗಲೂ ಹೆದರುತ್ತಾರೆ.

ಆ ಅಪ್ಪನ ಮಾತು ಕನ್ನಡಕ್ಕೆ ತರುವಾಗ ನನ್ನ ಗಂಟಲು ಹಿಡಿಯಿತು. ಅದಕ್ಕೂ ಎರಡು ತಿಂಗಳ ಹಿಂದೆ ಮಗಳು ನಮ್ಮ ಮನೆಯ ಸಂಪಿನಲ್ಲಿ ಒಬ್ಬ ಇದ್ದಾನೆ ಅಂದಿದ್ದಳು. ಮುಚ್ಚಳದ ಮೇಲೆ ಕಿವಿ ಇಟ್ಟರೆ ಮಾತಾಡುತ್ತಾನಂತೆ. ಹೆಸರೂ ಇತ್ತು, ಗುಳಕ. ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ, “ಸುಳ್ಳು ಹೇಳ್ಬಾರ್ದು, ಸಂಪಿನ ಹತ್ರ ಹೋಗಬೇಡ” ಅಂದುಬಿಟ್ಟಿದ್ದೆ. ಸಂಪಿನ ಹತ್ತಿರ ಹೋಗಬೇಡ ಅಂದದ್ದು ಸರಿ. ಮೊದಲರ್ಧ ಬೇಕಿರಲಿಲ್ಲ.

ಇನ್ನೊಂದು ಕಡೆ ನಾನು ಬೇಕೆಂದೇ ತಪ್ಪು ಅನುವಾದ ಮಾಡಿದೆ. ಸಿನಿಮಾದ ಮಕ್ಕಳ ಅಮ್ಮ ವಾರದ ಕೊನೆಗೆ ಮನೆಗೆ ಬರುವುದು ಮುಂದಕ್ಕೆ ಹೋಗಿದೆ ಅಂತ ಆಸ್ಪತ್ರೆಯಿಂದ ಸುದ್ದಿ ಬರುತ್ತದೆ. ಅಷ್ಟು ದಿನ ಗಟ್ಟಿಯಾಗಿದ್ದ ಸತ್ಸುಕಿ ಪಕ್ಕದ ಮನೆ ಅಜ್ಜಿಯ ಮುಂದೆ ಒಡೆದು ಅಳುತ್ತಾಳೆ. ಅಮ್ಮ ಸತ್ತು ಹೋದರೆ ಏನು ಮಾಡೋದು ಅನ್ನುತ್ತಾಳೆ. ನಾನು, “ಅಮ್ಮನಿಗೆ ಬೇಗ ಹುಷಾರಾಗದಿದ್ರೆ ಅಂತ ಅಳ್ತಿದ್ದಾಳೆ” ಅಂದೆ. ಮಗಳು ನನ್ನ ಕಡೆ ತಿರುಗಿದಳು. “ಅಮ್ಮ ಸತ್ತು ಹೋಗ್ತಾಳಾ ಅಂತ ತಾನೇ ಅವಳು ಕೇಳ್ತಿರೋದು?” ಜಪಾನಿಯ ಒಂದು ಪದ ಬಾರದ ಮಗು ಮುಖ ನೋಡಿಯೇ ತಿಳಿದುಕೊಂಡಿತ್ತು. ಹೌದು ಅಂದೆ.

ನನಗೆ ಏಳು ವರ್ಷ ಇದ್ದಾಗ ಅಮ್ಮ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಳು. ನನಗೆ ಯಾರೂ ಏನೂ ಹೇಳಲಿಲ್ಲ. ದೊಡ್ಡಮ್ಮನ ಮನೆಗೆ ಹೋಗಿದ್ದಾಳೆ, ಬರ್ತಾಳೆ ಅಂದರು. ಆದರೆ ಅಪ್ಪ ದಿನಾ ಬೆಳಿಗ್ಗೆ ಕೆಂಪು ಥರ್ಮಾಸಿನಲ್ಲಿ ಗಂಜಿ ತುಂಬಿಸಿಕೊಂಡು ಮೊದಲ ಬಸ್ಸಿಗೆ ಹೋಗುತ್ತಿದ್ದರು. ದೊಡ್ಡಮ್ಮನ ಮನೆಗೆ ಗಂಜಿ ಯಾಕೆ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ.

ಸಿನಿಮಾದಲ್ಲಿ ಪುಟ್ಟ ಮೇ ಒಂದು ಜೋಳದ ತೆನೆ ಅಪ್ಪಿಕೊಂಡು, ಅದನ್ನು ತಿಂದರೆ ಅಮ್ಮನಿಗೆ ವಾಸಿಯಾಗುತ್ತದೆ ಅಂತ ಒಬ್ಬಳೇ ಆಸ್ಪತ್ರೆಗೆ ಹೊರಡುತ್ತಾಳೆ. ದಾರಿ ತಪ್ಪುತ್ತದೆ. ಊರಿನವರು ಹುಡುಕುತ್ತಾರೆ. ಕೆರೆಯಲ್ಲಿ ಒಂದು ಪುಟ್ಟ ಚಪ್ಪಲಿ ಸಿಗುತ್ತದೆ. ಪಕ್ಕದ ಮನೆ ಅಜ್ಜಿ ನಡುಗುವ ಕೈಯಲ್ಲಿ ಅದನ್ನು ಹಿಡಿದು ಜಪ ಮಾಡುತ್ತಿರುತ್ತಾಳೆ. ಸತ್ಸುಕಿ ಓಡಿ ಬಂದು ನೋಡಿ, ಮೇದಲ್ಲ ಅನ್ನುತ್ತಾಳೆ. ನಮ್ಮ ಜಗಲಿಯಲ್ಲಿ ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು. ಆಗ ಅಮ್ಮ ಪರದೆ ನೋಡುತ್ತಲೇ ನನ್ನನ್ನು ಕೇಳಿದಳು.

“ನಿಂಗೆ ಆಗ ಗೊತ್ತಿತ್ತನೇ, ನಾ ಎಲ್ಲಿದ್ದೆ ಅಂತ?”

“ಗೊತ್ತಿತ್ತು.”

ಮೂವತ್ತು ವರ್ಷದಲ್ಲಿ ನಾವು ಈ ಬಗ್ಗೆ ಆಡಿದ್ದು ಇದೊಂದೇ ಮಾತು. ಮಿಯಾಜಾಕಿಯ ತಾಯಿಯೂ ಅವರ ಬಾಲ್ಯದಲ್ಲಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು ಅಂತ ನಾನು ಓದಿದ್ದು ಆಮೇಲೆ. ಟೊಟೊರೊ ಆ ಮಕ್ಕಳ ಅಮ್ಮನ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಅವನಿಂದಾಗುವುದು ಇಷ್ಟೇ. ಹನ್ನೆರಡು ಕಾಲಿನ ಬೆಕ್ಕಿನ ಬಸ್ಸನ್ನು ಕರೆದು ಅಕ್ಕನನ್ನು ತಂಗಿಯ ಹತ್ತಿರ ಕಳಿಸುತ್ತಾನೆ. ಆ ಬಸ್ಸು ಇಬ್ಬರನ್ನೂ ಆಸ್ಪತ್ರೆಯ ಕಿಟಕಿ ಹೊರಗಿನ ಮರದ ಮೇಲೆ ಕೂರಿಸುತ್ತದೆ. ಅಮ್ಮ ನಗುತ್ತಿರುವುದನ್ನು ನೋಡಿ, ಕಿಟಕಿಯಲ್ಲಿ ತೆನೆ ಇಟ್ಟು ಮಕ್ಕಳು ವಾಪಸ್ ಬರುತ್ತಾರೆ. ನನ್ನ ಮಟ್ಟಿಗೆ ಕಲ್ಪನೆ ಮಕ್ಕಳಿಗೆ ಮಾಡಬೇಕಾದ ಕೆಲಸ ಇದೇ. ಭಯ ಇಲ್ಲ ಅನ್ನಬಾರದು, ಭಯದ ಪಕ್ಕದಲ್ಲಿ ಬಂದು ನಿಲ್ಲಬೇಕು.

‘ಮನೆಮಂದಿ ಎಲ್ಲ ಕೂತು ನೋಡುವ ಸಿನಿಮಾ’ ಅನ್ನುವ ಮಾತನ್ನು ನಾವು ಮುಜುಗರದ ದೃಶ್ಯ ಇಲ್ಲದ ಸಿನಿಮಾ ಅನ್ನೋ ಅರ್ಥದಲ್ಲಿ ಬಳಸುತ್ತೇವೆ. ನನಗೆ ಅದು ಸಾಲದು. ಆ ಮಧ್ಯಾಹ್ನ ಅಮ್ಮನಿಗೆ ಕೆರೆಯ ಚಪ್ಪಲಿ ತಾಗಿತು, ನನಗೆ ಅಪ್ಪನ ಮಾತು, ಮಗಳಿಗೆ ಕೊಡೆಯ ಮೇಲಿನ ಹನಿ. ಒಂದೇ ಚಾಪೆ, ಒಂದೇ ಪರದೆ.

ನವರಾತ್ರಿಗೆ ಅಮ್ಮ ಬೆಂಗಳೂರಿಗೆ ಬಂದಾಗ ಸತ್ಯಜಿತ್ ರಾಯ್ ಅವರ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’ ನೋಡಿದೆವು. 1969ರ ಬಂಗಾಳಿ ಸಿನಿಮಾ. ರಾಯ್ ಅವರ ತಾತ ಉಪೇಂದ್ರಕಿಶೋರ್ ಬರೆದ ಕಥೆ. ಮಗ ಸಂದೀಪ್, ನನ್ನಂಥವರಿಗೂ ಒಂದು ಸಿನಿಮಾ ಮಾಡು ಅಂದದ್ದಕ್ಕೆ ಅಪ್ಪ ಮಾಡಿದ್ದು. ಊರಿನಿಂದ ಓಡಿಸಿಕೊಂಡ ಇಬ್ಬರು, ಒಬ್ಬನಿಗೆ ಹಾಡೋಕೆ ಬರದು, ಇನ್ನೊಬ್ಬನಿಗೆ ಡೋಲು ಬಾರಿಸೋಕೆ ಬರದು. ಕಾಡಿನಲ್ಲಿ ಭೂತಗಳ ರಾಜ ಮೂರು ವರ ಕೊಡುತ್ತಾನೆ. ಅದಕ್ಕೆ ಮೊದಲು ಆರೂವರೆ ನಿಮಿಷದ ಭೂತಗಳ ಕುಣಿತ ಇದೆ. ರಾಜರು, ರೈತರು, ಸಾಹೇಬರು, ಡೊಳ್ಳುಹೊಟ್ಟೆಯವರು ಅಂತ ನಾಲ್ಕು ಗುಂಪು. ಅಲ್ಲೂ ನನಗೆ ಮಾತಿಲ್ಲ. ಆದರೆ ಅಮ್ಮ ಎದ್ದು ನೆಟ್ಟಗೆ ಕೂತಳು. “ಇದು ತನಿ ಕಣೇ!” ತನಿ ಅಂದರೆ ಕಛೇರಿಯಲ್ಲಿ ತಾಳವಾದ್ಯದವರಷ್ಟೇ ನುಡಿಸುವ ಭಾಗ. ಹೌದು, ಮೃದಂಗ, ಘಟ, ಖಂಜಿರ, ಮೋರ್ಚಿಂಗ್. ರಾಯ್ ಬಂಗಾಳದ ಭೂತಗಳಿಗೆ ನಮ್ಮ ಕಡೆಯ ಕಛೇರಿಯ ತಾಳವಾದ್ಯ ಕಟ್ಟಿದ್ದಾರೆ. ಅಮ್ಮ ತೊಡೆ ಮೇಲೆ ತಾಳ ಹಾಕುತ್ತಾ ನೋಡಿದಳು, ಮಗಳು ಭೂತಗಳ ಹಾಗೆ ಕೈಕಾಲು ಆಡಿಸುತ್ತಾ ನೋಡಿದಳು. ಕೊನೆಗೆ ಯುದ್ಧಕ್ಕೆ ಹೊರಟ ಹಸಿದ ಸೈನಿಕರ ಮೇಲೆ ಆಕಾಶದಿಂದ ಸಿಹಿತಿಂಡಿಯ ಮಡಕೆಗಳು ಇಳಿಯುತ್ತವೆ. ಸೈನಿಕರು ಆಯುಧ ಬಿಟ್ಟು ತಿನ್ನೋಕೆ ಓಡುತ್ತಾರೆ. “ಪಾಪ, ಅವರಿಗೆ ಊಟಾನೇ ಕೊಟ್ಟಿರಲಿಲ್ಲ” ಅಂದಳು ಮಗಳು. ಯುದ್ಧದ ಬಗ್ಗೆ ನಾನು ಅವಳಿಗೆ ಬೇರೆ ಏನೂ ಹೇಳಬೇಕಾಗಿ ಬರಲಿಲ್ಲ.

ಇಷ್ಟೆಲ್ಲ ನೋಡುವಾಗ ನಮ್ಮದು ಎಲ್ಲಿ ಅಂತ ಹೊಟ್ಟೆಯೊಳಗೆ ಒಂದು ಸಂಕಟ ಇದ್ದೇ ಇರುತ್ತದೆ. ಕನ್ನಡದಲ್ಲಿ ಒಳ್ಳೆ ಮಕ್ಕಳ ಸಿನಿಮಾಗಳು ಇಲ್ಲ ಅಂತಲ್ಲ. 1993ರ ‘ಚಿನ್ನಾರಿ ಮುತ್ತ’ದ ಹಾಡುಗಳನ್ನು ನಾನು ಈಗಲೂ ಅಡುಗೆ ಮಾಡುವಾಗ ಹಾಡಿಕೊಳ್ಳುತ್ತೇನೆ. ‘ಕೊಟ್ರೇಶಿ ಕನಸು’ ಇದೆ. 2018ರಲ್ಲಿ ಬಂದ ಕಾಸರಗೋಡಿನ ಸರ್ಕಾರಿ ಶಾಲೆಯ ಸಿನಿಮಾವನ್ನು ಮಕ್ಕಳು ಥಿಯೇಟರಿನಲ್ಲಿ ಸೀಟಿ ಹೊಡೆದು ನೋಡಿದರು. ಆದರೆ ಇವೆಲ್ಲ ಈ ಲೋಕದ ಕಥೆಗಳು. ಶಾಲೆ, ಬಡತನ, ಭಾಷೆ, ಓದಬೇಕೆಂಬ ಆಸೆ. ಬೇಕು, ಖಂಡಿತ ಬೇಕು. ಇಲ್ಲಣದ ಮರಿ ಓಡಾಡುವ ಸಿನಿಮಾ ಮಾತ್ರ ನಮ್ಮಲ್ಲಿ ತೀರಾ ಕಡಿಮೆ.

ಕಥೆಗೆ ಬರವಿದೆಯಾ? ಅಮ್ಮ ಹೇಳುವ ಹೂವಿನ ಗಿಡವಾಗುವ ಹುಡುಗಿಯ ಕಥೆ ತಗೊಳ್ಳಿ. ಎರಡು ಬಿಂದಿಗೆ ನೀರು, ನೀರಿಗೆ ಉಗುರು ತಾಗಬಾರದು. ಒಂದು ಬಿಂದಿಗೆ ಸುರಿದರೆ ಹುಡುಗಿ ಗಿಡವಾಗುತ್ತಾಳೆ, ನೋವಾಗದ ಹಾಗೆ ಹೂ ಬಿಡಿಸಿಕೊಂಡು ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಎ.ಕೆ. ರಾಮಾನುಜನ್ ನಮ್ಮ ನಾಡಿನ ಹೆಂಗಸರ ಬಾಯಿಂದ ಕೇಳಿ ಬರೆದಿಟ್ಟ ಕಥೆ ಇದು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನೇ ‘ಚೆಲುವಿ’ ಅಂತ ಸಿನಿಮಾ ಮಾಡಿದರು. ಅದು ಹಿಂದಿಯಲ್ಲಿ ಬಂತು. ನಮ್ಮ ಅಜ್ಜಿಯರ ಕಥೆಯನ್ನು ನಮ್ಮ ಮಗುವಿಗೆ ತೋರಿಸುವಾಗಲೂ ನಾನು ಅನುವಾದ ಮಾಡಬೇಕು.

ಡಬ್ಬಿಂಗ್ ವಿಷಯ ಹೇಳದೆ ಇರೋಕಾಗಲ್ಲ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನುವ ಬರೆಯದ ಕಟ್ಟಳೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹಾಗೆ ತಡೆಯುವುದು ತಪ್ಪು ಅಂದ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. ನಮ್ಮ ಕಲಾವಿದರು, ಕೆಲಸಗಾರರು ಹೊಟ್ಟೆಪಾಡಿಗೆ ಹೆದರಿದ್ದು ನನಗೆ ಅರ್ಥವಾಗುತ್ತದೆ. ಆದರೆ ಆ ಜಗಳದ ಎರಡೂ ಕಡೆ ನಿಂತಿದ್ದವರು ದೊಡ್ಡವರೇ. ಕೆಂಪು ಬಲೂನಿನ ಹಿಂದೆ ಓಡುವ ಹುಡುಗನನ್ನು ಕನ್ನಡದಲ್ಲೇ ಕೇಳಿಸಿಕೊಳ್ಳಬೇಕಾಗಿದ್ದ ಮಕ್ಕಳನ್ನು ಯಾರೂ ಕೇಳಲಿಲ್ಲ. ಮಕ್ಕಳ ಸಿನಿಮಾವನ್ನಾದರೂ ಆ ಕಟ್ಟಳೆಯಿಂದ ಆಗಲೇ ಹೊರಗಿಡಬಹುದಿತ್ತು. ಮಗುವಿಗೆ ಅಚ್ಚರಿ ಅದರ ಮನೆಮಾತಿನಲ್ಲೇ ಸಿಗಬೇಕು. ‘ಇಲ್ಲಣದ ಮರಿ’ ಅಂದಾಗ ನನ್ನ ಮಗಳ ಕಣ್ಣಲ್ಲಿ ಬಂದ ಬೆಳಕನ್ನು ನಾನು ನೋಡಿದ್ದೇನೆ, ಹಾಗಾಗಿ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ತೀರ್ಥಹಳ್ಳಿಯಿಂದ ವಾಪಸ್ ಬಂದ ಮಾರನೇ ದಿನ ಭಾನುವಾರ. ಮಗಳು ಮೆಟ್ಟಿಲ ಮೇಲೆ ಕೂತು ಹಿತ್ತಾಳೆ ಚೆಂಬಿನಲ್ಲಿ ನೀರು ಆಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ಬಿಟ್ಟು, “ಗುಳಕ ಹೇಗಿದ್ದಾನೆ?” ಅಂತ ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ನಾನು ನಗುತ್ತಿದ್ದೇನೋ ಅಂತ ನೋಡಿದ್ದಿರಬೇಕು.

“ಸಂಪಲ್ಲಿ ಇಲ್ಲ ಅವನು,” ಅಂದಳು. “ಮೋಟರ್ ಹಾಕ್ದಾಗ ನೀರಿನ ಜೊತೆ ಮೇಲಿನ ಟ್ಯಾಂಕಿಗೆ ಹೋಗ್ಬಿಟ್ಟ.”

ನಾನು ಒಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ತಾರಸಿ ಬೀಗದ ಕೈ ತಗೊಂಡು ಬಂದೆ.